ದೋಷಪುಟದ ಮಾತು ಯಾರದು?

ವೆಬ್‌ಸೈಟ್ ಕಟ್ಟುವುದನ್ನು ಹೊಸದಾಗಿ ಕಲಿಯುವವರ ತೆರೆಯ ಮೇಲೆ, ಅವರು ಬರೆದ ಪುಟಕ್ಕಿಂತ ಮೊದಲು ಬಂದು ಕೂರುವುದು ದೋಷಪುಟ, ಅಂದರೆ ಕೇಳಿದ ಪುಟ ಏಕೆ ಬರಲಿಲ್ಲವೆಂದು ತಿಳಿಸಲು ಅದರ ಬದಲಿಗೆ ಬರುವ ಇನ್ನೊಂದು ಪುಟ. 404, 403, 500, 502 ಎಂಬಂಥ ಮೂರಂಕಿಯ ಸಂಖ್ಯೆ, ಅದರ ಪಕ್ಕದಲ್ಲಿ ಇಂಗ್ಲಿಷಿನ ಎರಡು ಮೂರು ಪದ, ಕೆಲವೊಮ್ಮೆ ಏನೂ ಇಲ್ಲದ ಬಿಳಿ ತೆರೆ. ಇದನ್ನು ಕಂಡ ಕೂಡಲೇ ಕೊನೆಯದಾಗಿ ಬರೆದ ಕೋಡನ್ನು ಅತ್ತಿತ್ತ ತಿದ್ದತೊಡಗುವುದು ಕಲಿಯುವವರ ಸಹಜ ಪ್ರತಿಕ್ರಿಯೆಯಾಗಿದ್ದು, ಸರಿಯಿದ್ದ ಭಾಗವೂ ಕೆಡುವುದು ಬಹಳ ಸಲ ಆ ತಿದ್ದುವಿಕೆಯಿಂದಲೇ. ಏನು ತಪ್ಪಾಗಿದೆ ಎಂದು ಹುಡುಕುವ ಮೊದಲು, ತಪ್ಪಾಗಿದೆ ಎಂದು ಹೇಳುತ್ತಿರುವವರು ಯಾರು ಎಂಬುದನ್ನು ಗುರುತಿಸಿಕೊಂಡರೆ ಹುಡುಕಬೇಕಾದ ಜಾಗ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ದೋಷ ನಿವಾರಣೆಯ ಪಾಠಗಳಲ್ಲಿ ಸಂಖ್ಯೆಗಳ ಉದ್ದನೆಯ ಪಟ್ಟಿಗೆ ಸಿಗುವ ಜಾಗ ಈ ಒಂದು ಪ್ರಶ್ನೆಗೆ ಸಿಗದಿರುವುದು ವಿಚಿತ್ರವೇ ಸರಿ.

ವಿಳಾಸ ಟೈಪಿಸಿ ಎಂಟರ್ ಒತ್ತಿದ ಮೇಲೆ ಬ್ರೌಸರ್ ಮೊದಲು ಆ ಹೆಸರಿಗೆ ಸೇರಿದ ಸಂಖ್ಯಾರೂಪದ ವಿಳಾಸವನ್ನು ಡಿಎನ್‌ಎಸ್ ಎಂಬ ನಾಮವ್ಯವಸ್ಥೆಯಿಂದ ತಿಳಿದುಕೊಳ್ಳುತ್ತದೆ. ಆ ವಿಳಾಸದಲ್ಲಿರುವ ಕಂಪ್ಯೂಟರಿನ ಒಂದು ನಿರ್ದಿಷ್ಟ ಪೋರ್ಟಿಗೆ, ಎಂದರೆ ಸಂಖ್ಯೆಯಿಂದ ಗುರುತಿಸಲಾದ ಪ್ರವೇಶಸ್ಥಾನಕ್ಕೆ, ಸಂಪರ್ಕ ಬೆಳೆಸುತ್ತದೆ. ಸುರಕ್ಷಿತ ಸಂಪರ್ಕವಾದರೆ ಎದುರಿನವರ ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಇಷ್ಟೆಲ್ಲ ಆದ ಬಳಿಕವಷ್ಟೇ ಪುಟವನ್ನು ಕೇಳುತ್ತದೆ. ಕೇಳಿಕೆಯನ್ನು ಪಡೆದ ವೆಬ್ ಸರ್ವರ್ ತನ್ನಲ್ಲಿರುವ ಫೈಲನ್ನು ತಾನೇ ಕೊಡಬಹುದು, ಇಲ್ಲವೇ ಹಿಂದಿರುವ ಪಿಎಚ್‌ಪಿ, ಪೈಥಾನ್ ಅಥವಾ ನೋಡ್ ಪ್ರೋಗ್ರಾಮಿಗೆ ಕೆಲಸವನ್ನು ದಾಟಿಸಬಹುದು, ಆ ಪ್ರೋಗ್ರಾಮು ಮತ್ತೆ ಡೇಟಾಬೇಸನ್ನು ಕೇಳಬಹುದು. ಈ ಸರಪಳಿಯ ಯಾವ ಕೊಂಡಿ ಬೇಕಾದರೂ ಕಳಚಬಹುದಾದ್ದರಿಂದ ದೋಷವನ್ನು ವರದಿ ಮಾಡುವ ಬಾಯಿಗಳೂ ಅಷ್ಟೇ ಇವೆ.

ಮೂರಂಕಿಯ ಸಂಖ್ಯೆಗಳು ವೆಬ್ಬಿನ ಜೊತೆಯಲ್ಲೇ ಹುಟ್ಟಿದವಲ್ಲ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ವಿವರಿಸಿದ ಮೊದಲ ಎಚ್‌ಟಿಟಿಪಿ, ಎಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಒಪ್ಪಂದದ ಮೊದಲ ರೂಪ, ಒಂದೇ ಸಾಲಿನ ಕೇಳಿಕೆ ಮತ್ತು ಅದಕ್ಕೆ ಉತ್ತರವಾಗಿ ಬರುವ ಪುಟ ಇಷ್ಟಕ್ಕೇ ಸೀಮಿತವಾಗಿತ್ತು. ದೋಷವಾದರೆ ಅದನ್ನೂ ಸಾಮಾನ್ಯ ಪುಟದ ರೂಪದಲ್ಲೇ ಬರೆದು ಕಳಿಸಲಾಗುತ್ತಿದ್ದು, ಬಂದದ್ದು ಕೇಳಿದ ಪುಟವೋ ದೋಷದ ಸುದ್ದಿಯೋ ಎಂಬುದನ್ನು ಮನುಷ್ಯರು ಓದಿಯೇ ತಿಳಿಯಬೇಕಿತ್ತು, ಯಂತ್ರಕ್ಕೆ ಬೇರೆ ದಾರಿಯಿರಲಿಲ್ಲ. ಈ ಕೊರತೆಯನ್ನು ನೀಗಿಸಲು, ಇಮೇಲ್ ಸಾಗಿಸುವ ಎಸ್‌ಎಂಟಿಪಿ ಮತ್ತು ಫೈಲು ಸಾಗಿಸುವ ಎಫ್‌ಟಿಪಿ ಒಪ್ಪಂದಗಳಲ್ಲಿ ಆಗಲೇ ರೂಢಿಯಲ್ಲಿದ್ದ ಮೂರಂಕಿಯ ಉತ್ತರಗಳ ಮಾದರಿಯಲ್ಲಿ ಸ್ಥಿತಿಸಂಖ್ಯೆಗಳು ಬಂದವು. 1992ರ ಕರಡಿನಲ್ಲಿ 404 ಕಾಣಿಸಿಕೊಂಡಿತು, 1996ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ 1.0 ಪ್ರಕಟಣೆಯೊಂದಿಗೆ ಈ ವ್ಯವಸ್ಥೆ ದಾಖಲೆಗೆ ಸೇರಿತು, ಈಗ ಆಧಾರವಾಗಿರುವುದು 2022ರ ಜೂನಿನಲ್ಲಿ ಹೊರಬಂದ ಆರ್‌ಎಫ್‌ಸಿ 9110 ಎಂಬ ದಸ್ತಾವೇಜು. ಸರ್ನ್‌ನ 404ನೇ ಕೋಣೆಯಲ್ಲಿ ಮೊದಲ ಸರ್ವರ್ ಇತ್ತು, ಅದರಿಂದ ಈ ಸಂಖ್ಯೆ ಬಂತು ಎಂಬ ಕಥೆ ಇಂದಿಗೂ ಚಲಾವಣೆಯಲ್ಲಿದೆಯಾದರೂ, ಬರ್ನರ್ಸ್-ಲೀಯವರ ಜೊತೆಗಾರರಾಗಿದ್ದ ರಾಬರ್ಟ್ ಕಾಯೋ ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಿದ್ದಾರೆ.

ಕೋಣೆಯ ಕಥೆಗಿಂತ ಮೊದಲ ಅಂಕಿಯ ಅರ್ಥ ಹೆಚ್ಚು ಉಪಯುಕ್ತ. 2ರಿಂದ ತೊಡಗುವ ಸಂಖ್ಯೆ ಕೆಲಸ ಆಯಿತೆಂದೂ, 3ರಿಂದ ತೊಡಗುವುದು ಬೇರೆಡೆಗೆ ಹೋಗಬೇಕೆಂದೂ, 4ರಿಂದ ತೊಡಗುವುದು ಕೇಳಿದ್ದರಲ್ಲಿ ದೋಷವಿದೆಯೆಂದೂ, 5ರಿಂದ ತೊಡಗುವುದು ಕೇಳಿದ್ದು ಸರಿಯಿದ್ದರೂ ಕೊಡುವವರಲ್ಲಿ ದೋಷವಿದೆಯೆಂದೂ ಹೇಳುತ್ತದೆ. ಅಪರಿಚಿತ ಸಂಖ್ಯೆಯೊಂದು ಎದುರಾದರೂ ಮೊದಲ ಅಂಕಿಯಷ್ಟನ್ನೇ ಓದಿ ಮುಂದುವರಿಯಲು ಸಾಧ್ಯವಾಗುವಂತೆ ಇದನ್ನು ರೂಪಿಸಲಾಗಿದೆ. ಈ ಪಟ್ಟಿಯಲ್ಲಿ ವಿನೋದಕ್ಕೂ ಜಾಗವಿದೆ ಎನ್ನುವುದಕ್ಕೆ 1998ರ ಏಪ್ರಿಲ್ 1ರಂದು ಹಾಸ್ಯಕ್ಕಾಗಿ ಪ್ರಕಟವಾದ ಕಾಫಿಪಾತ್ರೆಯ ಒಪ್ಪಂದದಿಂದ ಬಂದ 418 ಸಾಕ್ಷಿ. ಚಹಾದ ಕೆಟಲಿಗೆ ಕಾಫಿ ಮಾಡಲು ಹೇಳಿದರೆ ಅದು ಕೊಡಬೇಕಾದ ಉತ್ತರ ಇದು.

ಈ ಸಂಖ್ಯೆಗಳಿಗೆಲ್ಲ ಹೊರಗಿರುವ ಒಂದು ವರ್ಗವನ್ನು ಕಲಿಯುವವರು ಮೊದಲು ಬೇರ್ಪಡಿಸಿಕೊಳ್ಳಬೇಕು. ತೆರೆಯ ಮೇಲೆ ಮೂರಂಕಿಯ ಸಂಖ್ಯೆ ಇಲ್ಲದೆ, ಬ್ರೌಸರಿನದೇ ಬಣ್ಣ ಮತ್ತು ಅಕ್ಷರಶೈಲಿಯಲ್ಲಿ, ಈ ತಾಣವನ್ನು ತಲುಪಲಾಗುತ್ತಿಲ್ಲ ಎಂಬ ಧಾಟಿಯ ಪುಟ ಬಂದಿದ್ದರೆ, ಅಲ್ಲಿ ಮಾತಾಡುತ್ತಿರುವುದು ಬ್ರೌಸರ್. ಕೇಳಿಕೆ ಸರ್ವರನ್ನು ತಲುಪಿಯೇ ಇಲ್ಲ, ಆದ್ದರಿಂದ ಸರ್ವರಿನಲ್ಲಿರುವ ಕೋಡನ್ನು ತಿದ್ದುವುದು ವ್ಯರ್ಥ. ಹೆಸರು ಸಿಗಲಿಲ್ಲವೆಂದು ಅದು ಹೇಳಿದರೆ ಕಾಗುಣಿತವನ್ನೂ, ಹೊಸದಾಗಿ ಕೊಂಡ ಹೆಸರಾದರೆ ಡಿಎನ್‌ಎಸ್ ದಾಖಲೆಗಳನ್ನೂ ನೋಡಬೇಕು. ಸಂಪರ್ಕ ನಿರಾಕರಿಸಲ್ಪಟ್ಟಿತು ಎಂದರೆ ಆ ಕಂಪ್ಯೂಟರ್ ಇದೆ, ಆದರೆ ಕೇಳಿದ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತ ಪ್ರೋಗ್ರಾಮಿಲ್ಲ ಎಂದರ್ಥ. ಕಲಿಕೆಯ ಹಂತದಲ್ಲಿ ಇದರ ಕಾರಣ ಬಹುತೇಕ ಸರಳ: ಸರ್ವರ್ ಪ್ರೋಗ್ರಾಮನ್ನು ಚಾಲೂ ಮಾಡಲು ಮರೆತಿರುವುದು, ಅದು ದೋಷ ಕಂಡು ನಿಂತುಹೋಗಿರುವುದು, ಇಲ್ಲವೇ ಪೈಥಾನಿನ ಜಾಂಗೊ ಎಂಬ ವೆಬ್ ಚೌಕಟ್ಟು 8000ನೇ ಪೋರ್ಟಿನಲ್ಲಿ ಓಡುತ್ತಿರುವಾಗ ಹಳೆಯ ಅಭ್ಯಾಸದಿಂದ 3000 ಎಂದು ಬರೆದಿರುವುದು. ಪ್ರಮಾಣಪತ್ರದ ಎಚ್ಚರಿಕೆಯಾದರೆ ಅದರ ಅವಧಿ ಮುಗಿದಿರಬಹುದು, ಅಥವಾ ನೋಡುತ್ತಿರುವ ಕಂಪ್ಯೂಟರಿನ ಗಡಿಯಾರವೇ ತಪ್ಪಿರಬಹುದು. ಈ ಎರಡನೆಯ ಕಾರಣ ಹೊಳೆಯದೆ ಒಳ್ಳೆಯ ಸರ್ವರನ್ನು ಬಿಚ್ಚಿ ಕೂರುವವರುಂಟು.

ಸರ್ವರೇ ಇಲ್ಲದ ಸ್ಥಿತಿಯೂ ಒಂದಿದೆ. ಫೋಲ್ಡರಿನಲ್ಲಿರುವ ಎಚ್‌ಟಿಎಂಎಲ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಪುಟ ತೆರೆದುಕೊಳ್ಳುತ್ತದೆ, ಚಿತ್ರಗಳೂ ಬರುತ್ತವೆ, ಆದರೆ ಜಾವಾಸ್ಕ್ರಿಪ್ಟ್ ಇನ್ನೊಂದು ಫೈಲಿನ ಮಾಹಿತಿಯನ್ನು ತರಿಸಿಕೊಳ್ಳಲು ಹೋದಾಗ ಬ್ರೌಸರ್ ಭದ್ರತೆಯ ಕಾರಣ ಕೊಟ್ಟು ತಡೆಯುತ್ತದೆ. ವಿಳಾಸಪಟ್ಟಿಯ ಆರಂಭದಲ್ಲಿ ಫೈಲ್ ಎಂಬ ಪದವಿದ್ದರೆ ಇದೇ ಸ್ಥಿತಿ. ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಅದರ ಜೊತೆಗೇ ಬರುವ ಪುಟ್ಟ ಸರ್ವರನ್ನು ಒಂದು ಸಾಲಿನ ಆದೇಶದಿಂದ ಆ ಫೋಲ್ಡರಿನೊಳಗೆ ಓಡಿಸಿದರೆ ಸಮಸ್ಯೆ ಮಾಯವಾಗುತ್ತದೆ.

ಮಾತಾಡುವವರನ್ನು ಗುರುತಿಸುವ ಮುಖ್ಯ ಸಾಧನ ಬ್ರೌಸರಿನಲ್ಲೇ ಇದೆ. ಎಫ್12 ಕೀಲಿಯನ್ನು ಒತ್ತಿದರೆ ತೆರೆಯುವ ಡೆವಲಪರ್ ಉಪಕರಣಗಳಲ್ಲಿ ನೆಟ್‌ವರ್ಕ್ ಎಂಬ ವಿಭಾಗ, ಒಂದು ಪುಟಕ್ಕಾಗಿ ಬ್ರೌಸರ್ ಕಳಿಸಿದ ಎಲ್ಲ ಕೇಳಿಕೆಗಳನ್ನೂ, ಪ್ರತಿಯೊಂದಕ್ಕೂ ಬಂದ ಸ್ಥಿತಿಸಂಖ್ಯೆಯನ್ನೂ ಸಾಲುಸಾಲಾಗಿ ತೋರಿಸುತ್ತದೆ. ಪುಟವೆಂದು ಕಣ್ಣಿಗೆ ಕಾಣುವುದು ಒಂದೇ ಆದರೂ ಅದರ ಹಿಂದೆ ಶೈಲಿಯ ಫೈಲು, ಸ್ಕ್ರಿಪ್ಟು, ಚಿತ್ರ, ಅಕ್ಷರಶೈಲಿ ಹೀಗೆ ಹತ್ತಾರು ಕೇಳಿಕೆಗಳಿರುವುದರಿಂದ, ಪುಟಕ್ಕೆ 200 ಬಂದು ಅದರ ಶೈಲಿಯ ಫೈಲಿಗೆ 404 ಬಂದಿರುವುದು ಸಾಮಾನ್ಯ. ತೆರೆಯ ಮೇಲೆ ಇದು ದೋಷಪುಟವಾಗಿ ಕಾಣದೆ, ಬಣ್ಣ ಕಳೆದುಕೊಂಡ ಪುಟವಾಗಿ ಕಾಣುತ್ತದೆ. ಪಟ್ಟಿಯಲ್ಲಿ ಫೆವಿಕಾನ್ ಎಂಬ ಫೈಲಿಗೆ 404 ಬಂದಿದ್ದರೆ ಗಾಬರಿಯಾಗಬೇಕಿಲ್ಲ. ಟ್ಯಾಬಿನ ಮೇಲೆ ತೋರಿಸುವ ಆ ಪುಟ್ಟ ಚಿಹ್ನೆಯನ್ನು ಯಾರೂ ಹೇಳದಿದ್ದರೂ ಬ್ರೌಸರ್ ತಾನಾಗಿ ಕೇಳುತ್ತದೆ.

ಒಂದೇ ಸಂಖ್ಯೆಯನ್ನು ಬೇರೆಬೇರೆಯವರು ಹೇಳಬಹುದು ಎಂಬುದು ಇಲ್ಲಿಯ ಸೂಕ್ಷ್ಮ. 404 ಎಂಬ ದಪ್ಪಕ್ಷರದ ಕೆಳಗೆ ಗೆರೆಯೆಳೆದು ಎಂಜಿನ್‌ಎಕ್ಸ್ ಎಂಬ ಹೆಸರಷ್ಟೇ ಇದ್ದರೆ ಹೇಳಿದ್ದು ಮುಂದೆ ನಿಂತಿರುವ ವೆಬ್ ಸರ್ವರ್, ಕೇಳಿಕೆ ಹಿಂದಿನ ಪ್ರೋಗ್ರಾಮಿಗೆ ಹೋಗಿಯೇ ಇಲ್ಲ. ಆ ವಿಳಾಸವನ್ನು ಗೆಟ್ ಮಾಡಲಾಗದು ಎಂಬ ಅರ್ಥದ ಒಂದೇ ಸಾಲಿನ ಸಪ್ಪೆ ಪುಟ ಬಂದರೆ ಹೇಳಿದ್ದು ನೋಡ್ ಮೇಲೆ ಓಡುವ ಎಕ್ಸ್‌ಪ್ರೆಸ್. ಸರ್ವರ್ ಸರಿಯಿದೆ, ಪ್ರೋಗ್ರಾಮಿನಲ್ಲಿ ಆ ವಿಳಾಸಕ್ಕೆ ದಾರಿ ಬರೆದಿಲ್ಲ. ಹಳದಿ ಪಟ್ಟಿಯ ಕೆಳಗೆ ತಾನು ಹೋಲಿಸಿ ನೋಡಿದ ವಿಳಾಸಮಾದರಿಗಳ ಪಟ್ಟಿಯನ್ನೇ ಕೊಟ್ಟರೆ ಅದು ಜಾಂಗೊ, ಮತ್ತು ಕಲಿಯುವವರಿಗೆ ಇದಕ್ಕಿಂತ ಉಪಕಾರಿಯಾದ ದೋಷಪುಟ ಸಿಗುವುದು ಕಷ್ಟ, ಏಕೆಂದರೆ ಕೇಳಿದ ವಿಳಾಸ ಮತ್ತು ಬರೆದಿಟ್ಟ ಮಾದರಿಗಳು ಅಕ್ಕಪಕ್ಕದಲ್ಲೇ ಕಾಣುವುದರಿಂದ ಕೊನೆಯಲ್ಲಿ ಬಿಟ್ಟುಹೋದ ಓರೆಗೆರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೂರೂ 404ಗಳೇ, ಆದರೆ ತೆರೆಯಬೇಕಾದ ಫೈಲುಗಳು ಬೇರೆಬೇರೆ.

ಫೈಲಿನ ಮಟ್ಟದ 404ಗಳಲ್ಲಿ ಅತ್ಯಂತ ಹೆಚ್ಚು ಸಮಯ ತಿನ್ನುವುದು, ಮನೆಯ ಕಂಪ್ಯೂಟರಿನಲ್ಲಿ ಸರಿಯಿದ್ದು ಸರ್ವರಿಗೆ ಏರಿಸಿದ ಮೇಲೆ ಹುಟ್ಟುವ ದೋಷ. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ವಿಂಡೋಸ್ ಹಾಗೂ ಮ್ಯಾಕ್ ಕಂಪ್ಯೂಟರುಗಳ ಫೈಲುವ್ಯವಸ್ಥೆಗಳು ಸಾಮಾನ್ಯವಾಗಿ ಒಂದೇ ಎಂದು ಪರಿಗಣಿಸುತ್ತವೆ, ಬಹುಪಾಲು ಸರ್ವರುಗಳಲ್ಲಿರುವ ಲಿನಕ್ಸ್ ಬೇರೆಬೇರೆ ಎಂದು ಪರಿಗಣಿಸುತ್ತದೆ. ಕ್ಯಾಮೆರಾ ಕೊಟ್ಟ ಚಿತ್ರದ ವಿಸ್ತರಣೆ ದೊಡ್ಡಕ್ಷರದ ಜೆಪಿಜಿ ಆಗಿದ್ದು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೆ ಮನೆಯಲ್ಲಿ ಕಾಣುವ ಚಿತ್ರ ಸರ್ವರಿನಲ್ಲಿ ಕಾಣುವುದಿಲ್ಲ. ಇಂಥ ಭೇದವೇ ಇಲ್ಲದ ಲಿಪಿಯಲ್ಲಿ ಓದುಬರಹ ಕಲಿತವರ ಕಣ್ಣು ಇದನ್ನು ದಾಟಿಕೊಂಡು ಹೋಗುವುದು ಸ್ವಾಭಾವಿಕ, ಆದ್ದರಿಂದ ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲೇ ಇಟ್ಟು, ಪದಗಳ ನಡುವೆ ಜಾಗ ಬಿಡದೆ ಅಡ್ಡಗೆರೆ ಬಳಸುವ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸುವುದು ಒಳ್ಳೆಯದು. ಹಾದಿಯ ಆರಂಭದ ಓರೆಗೆರೆಯೂ ಇಷ್ಟೇ ತೊಂದರೆ ಕೊಡುತ್ತದೆ. ಓರೆಗೆರೆಯಿಂದ ತೊಡಗುವ ಹಾದಿ ತಾಣದ ಬೇರಿನಿಂದ ಎಣಿಕೆಯಾಗುತ್ತದೆ, ಇಲ್ಲದಿದ್ದರೆ ಸದ್ಯದ ಪುಟವಿರುವ ಜಾಗದಿಂದ ಎಣಿಕೆಯಾಗುತ್ತದೆ. ತಾಣಗಳನ್ನು ಇರಿಸಲು ಜಾಗ ಕೊಡುವ ಗಿಟ್‌ಹಬ್ ಪೇಜಸ್ ಎಂಬ ಸೇವೆಯಲ್ಲಿ ಒಂದು ಪ್ರಾಜೆಕ್ಟಿನ ತಾಣ, ಬಳಕೆದಾರರ ಹೆಸರಿನ ವಿಳಾಸದ ಕೆಳಗೆ ಪ್ರಾಜೆಕ್ಟಿನ ಹೆಸರಿನ ಉಪಹಾದಿಯಲ್ಲಿ ನೆಲೆಸುವುದರಿಂದ, ಓರೆಗೆರೆಯಿಂದ ಬರೆದ ಎಲ್ಲ ಹಾದಿಗಳೂ ಆ ಉಪಹಾದಿಯನ್ನು ಬಿಟ್ಟು ಬೇರಿಗೆ ಹೋಗಿ 404 ತರುತ್ತವೆ.

ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡುವವರಿಗೆ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ವಿಳಾಸದಲ್ಲಿರುವ ಕನ್ನಡದ ಪ್ರತಿ ಯೂನಿಕೋಡ್ ಸಂಕೇತವೂ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಾಂಕಿಗಳಾಗಿ ಸಾಗುವುದರಿಂದ, ಐದು ಸಂಕೇತಗಳಿರುವ ‘ಕನ್ನಡ’ ಎಂಬ ಹೆಸರು ಸರ್ವರಿನ ದಾಖಲೆಯಲ್ಲಿ 45 ಚಿಹ್ನೆಗಳ ಸರವಾಗಿ ಕಾಣಿಸಿಕೊಳ್ಳುತ್ತದೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ನಕಲು ಮಾಡಿ ಬೇರೆಡೆ ಅಂಟಿಸಿದವರೆಲ್ಲ ಈ ಸರವನ್ನು ಕಂಡಿರುತ್ತಾರೆ. ಇದು ದೋಷವಲ್ಲ. ದೋಷ ಹುಟ್ಟುವುದು, ಒಂದೇ ಆಗಿ ಕಾಣುವ ಹೆಸರು ಒಳಗೆ ಎರಡು ಬಗೆಯಲ್ಲಿ ಬರೆಯಲ್ಪಟ್ಟಾಗ. ‘ಕೊಡಗು’ ಎಂಬಲ್ಲಿನ ಒಕಾರದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಗುರುತುಗಳ ಜೋಡಿಯಾಗಿಯೂ ಇಡಬಹುದು. ಮ್ಯಾಕ್ ಕಂಪ್ಯೂಟರುಗಳಲ್ಲಿ ಮೊದಲು ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಫೈಲುವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಉಳಿಸುತ್ತಿತ್ತು, ಕೀಲಿಮಣೆಯಿಂದ ಟೈಪಿಸಿದ ಕೊಂಡಿಯಲ್ಲಿ ಕೂಡಿಸಿದ ರೂಪವಿರುತ್ತದೆ, ಲಿನಕ್ಸ್ ಸರ್ವರ್ ಇವೆರಡನ್ನೂ ಬೇರೆಬೇರೆ ಹೆಸರುಗಳೆಂದು ಓದಿ 404 ಎನ್ನುತ್ತದೆ. ಅರ್ಧಾಕ್ಷರಕ್ಕೆ ಒತ್ತು ಕೂಡಿಕೊಳ್ಳದಂತೆ ತಡೆಯಲು ನಾವೆಲ್ಲರೂ ಬಳಸುವ ಅಗೋಚರ ಸಂಕೇತ ಇನ್ನೂ ಮೋಸಗಾರ. ಪದದ ನಡುವೆ ಅದರ ಕೆಲಸ ಕಾಣುತ್ತದೆ, ಆದರೆ ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಎಷ್ಟು ದಿಟ್ಟಿಸಿದರೂ ಕಣ್ಣಿಗೆ ಬೀಳುವುದಿಲ್ಲ. ನೆಟ್‌ವರ್ಕ್ ವಿಭಾಗದಲ್ಲಿ ಶೇಕಡಾ ಚಿಹ್ನೆಗಳ ಸರವನ್ನು ಎಣಿಸಿದಾಗಲೇ ಒಂಬತ್ತು ಚಿಹ್ನೆಗಳು ಹೆಚ್ಚಿರುವುದು ತಿಳಿಯುತ್ತದೆ.

403 ಸಿಕ್ಕರೆ ಸರ್ವರ್ ಕೇಳಿಕೆಯನ್ನು ಅರ್ಥಮಾಡಿಕೊಂಡು ಕೊಡಲು ಒಪ್ಪಲಿಲ್ಲವೆಂದು ತಿಳಿಯಬೇಕು. ಫೋಲ್ಡರಿನಲ್ಲಿ ಇಂಡೆಕ್ಸ್ ಎಂಬ ಹೆಸರಿನ ಪುಟವಿಲ್ಲದೆ, ಫೈಲುಗಳ ಪಟ್ಟಿ ತೋರಿಸುವುದಕ್ಕೂ ಅನುಮತಿಯಿಲ್ಲದಿದ್ದಾಗ ಇದು ಬರುತ್ತದೆ. ಲಿನಕ್ಸಿನ ಅನುಮತಿಗಳು ತಪ್ಪಿದ್ದರೂ ಬರುತ್ತದೆ. ಫೈಲುಗಳಿಗೆ 644, ಫೋಲ್ಡರುಗಳಿಗೆ 755 ಎಂಬುದು ರೂಢಿಯ ಅನುಮತಿಸಂಖ್ಯೆಗಳಾಗಿದ್ದು, ಎಲ್ಲರಿಗೂ ಎಲ್ಲವನ್ನೂ ತೆರೆದಿಡುವ 777 ಕೊಟ್ಟು ಸಮಸ್ಯೆ ಬಗೆಹರಿಸಿದವರು ಬೇರೊಂದು ಸಮಸ್ಯೆಯನ್ನು ಬರಮಾಡಿಕೊಂಡಿರುತ್ತಾರೆ. ಫೈಲಿನ ಅನುಮತಿ ಸರಿಯಿದ್ದೂ ಅದರ ಮೇಲಿನ ಯಾವುದೋ ಒಂದು ಫೋಲ್ಡರ್ ಮುಚ್ಚಿದ್ದರೆ ಫಲ ಅದೇ. ಖಾಸಗಿ ವಸ್ತು ಇದೆಯೆಂಬ ಸುಳಿವನ್ನೂ ಕೊಡಬಾರದೆಂದು ಕೆಲವು ಸೇವೆಗಳು 403 ಹೇಳಬೇಕಾದಲ್ಲಿ ಬೇಕೆಂದೇ 404 ಹೇಳುತ್ತವೆ ಎಂಬುದನ್ನೂ ನೆನಪಿಡಬೇಕು. ಗಿಟ್‌ಹಬ್‌ನ ಖಾಸಗಿ ಸಂಗ್ರಹವನ್ನು ಲಾಗಿನ್ ಆಗದೆ ತೆರೆದರೆ ಕಾಣುವುದು 404.

500 ಬಂದಾಗ ಪುಟ ಏನನ್ನೂ ವಿವರಿಸುವುದಿಲ್ಲ, ವಿವರಿಸಬಾರದು ಕೂಡ. ಪ್ರೋಗ್ರಾಮು ಕುಸಿದುಬಿದ್ದಾಗಿನ ವಿವರಗಳಲ್ಲಿ ಫೈಲುಗಳ ಹಾದಿ, ಕೋಡಿನ ಸಾಲು, ಡೇಟಾಬೇಸಿನ ಹೆಸರು ಇತ್ಯಾದಿಗಳಿರುವುದರಿಂದ ಅವನ್ನು ದಾರಿಹೋಕರಿಗೆ ತೋರಿಸುವುದು ಅಪಾಯ. ಆದ್ದರಿಂದ ಸರ್ವರ್ ಓದುಗರಿಗೆ ಒಂದು ಸಾಲನ್ನು ಕೊಟ್ಟು, ನಿಜವಾದ ಮಾತನ್ನು ಲಾಗ್ ಎಂಬ ದಿನಚರಿ ಫೈಲಿನಲ್ಲಿ ಬರೆದಿಡುತ್ತದೆ. ಉಬುಂಟು ಮತ್ತು ಡೆಬಿಯನ್ ಸರ್ವರುಗಳಲ್ಲಿ ಇದು ವಾರ್ ಎಂಬ ಫೋಲ್ಡರಿನೊಳಗಿನ ಲಾಗ್ ಫೋಲ್ಡರಿನಲ್ಲಿ, ಅಪಾಚೆ ಅಥವಾ ಎಂಜಿನ್‌ಎಕ್ಸ್ ಹೆಸರಿನ ಕೆಳಗೆ ಸಿಗುತ್ತದೆ; ಬಾಡಿಗೆಯ ಹೋಸ್ಟಿಂಗ್‌ನಲ್ಲಿ ನಿಯಂತ್ರಣ ಫಲಕದಲ್ಲೇ ಅದನ್ನು ತೆರೆಯುವ ಕೊಂಡಿಯಿರುವುದುಂಟು. ಲಾಗನ್ನು ಓದುವುದಕ್ಕೂ ಒಂದು ಕ್ರಮವಿದೆ. ದೋಷವನ್ನು ಮತ್ತೊಮ್ಮೆ ಉಂಟುಮಾಡಿ, ಗಡಿಯಾರ ನೋಡಿ, ಆ ಹೊತ್ತಿನ ಸಾಲುಗಳನ್ನಷ್ಟೇ ಓದಬೇಕು. ಬಹಳಷ್ಟು ಸರ್ವರುಗಳು ಯುಟಿಸಿ ಕಾಲಮಾನದಲ್ಲಿ ಬರೆಯುವುದರಿಂದ, ಮಂಗಳೂರಿನಲ್ಲಿ ಸಂಜೆ 4 ಗಂಟೆಗೆ ಆದ ದೋಷ ಅಲ್ಲಿ 10.30ರ ಸಾಲಿನಲ್ಲಿರುತ್ತದೆ, ಈ ಐದೂವರೆ ಗಂಟೆಯನ್ನು ಕಳೆಯದೆ ಹುಡುಕಿದವರು ಲಾಗಿನಲ್ಲಿ ಏನೂ ಇಲ್ಲವೆಂದು ತೀರ್ಮಾನಿಸುತ್ತಾರೆ. ಪೈಥಾನ್ ಕೊಡುವ ಉದ್ದನೆಯ ವರದಿಯಲ್ಲಿ ತಿರುಳಿರುವುದು ಕಟ್ಟಕಡೆಯ ಸಾಲಿನಲ್ಲಿ, ಜಾವಾಸ್ಕ್ರಿಪ್ಟಿನ ವರದಿಯಲ್ಲಿ ಮೇಲಿನ ಸಾಲುಗಳಲ್ಲಿ.

ಕಲಿಯುವವರ 500ಗಳಲ್ಲಿ ಒಂದು ದೊಡ್ಡ ಪಾಲು ಅಪಾಚೆ ಸರ್ವರಿನ ಎಚ್‌ಟಿಆಕ್ಸೆಸ್ ಎಂಬ ಫೈಲಿನಿಂದ ಬರುತ್ತದೆ. ಇದನ್ನು ಸರ್ವರ್ ಪ್ರತಿ ಕೇಳಿಕೆಗೂ ಹೊಸದಾಗಿ ಓದುವುದರಿಂದ, ಅದರಲ್ಲಿ ಒಂದಕ್ಷರ ತಪ್ಪಿದರೂ ಆ ಫೋಲ್ಡರಿನ ಎಲ್ಲ ಪುಟಗಳೂ ಆ ಕ್ಷಣದಿಂದಲೇ ಬೀಳುತ್ತವೆ. ಆ ಫೈಲಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ ಪುಟ ಬರುತ್ತದೆಯೇ ಎಂದು ನೋಡುವುದು ಒಂದು ನಿಮಿಷದ ಪರೀಕ್ಷೆ. ಪಿಎಚ್‌ಪಿಯಲ್ಲಿ ದೋಷಗಳನ್ನು ತೋರಿಸುವ ಆಯ್ಕೆ ಮುಚ್ಚಿದ್ದರೆ ಬರೀ ಬಿಳಿ ತೆರೆ ಬರಬಹುದು. ವರ್ಡ್‌ಪ್ರೆಸ್ ಬಳಕೆದಾರರನ್ನು ವರ್ಷಗಟ್ಟಲೆ ಕಾಡಿದ ಆ ಬಿಳಿ ತೆರೆಯ ಜಾಗದಲ್ಲಿ 2019ರ 5.2 ಆವೃತ್ತಿಯಿಂದ ಗಂಭೀರ ದೋಷವಾಗಿದೆ ಎಂಬ ಸಂದೇಶ ಬರತೊಡಗಿತು, ಆಡಳಿತಗಾರರಿಗೆ ಇಮೇಲ್ ಹೋಗುವ ಏರ್ಪಾಡೂ ಆಯಿತು.

502 ಮತ್ತು 504 ಮಧ್ಯವರ್ತಿಯ ಮಾತುಗಳು. ಇಂದಿನ ವ್ಯವಸ್ಥೆಗಳಲ್ಲಿ ಎಂಜಿನ್‌ಎಕ್ಸ್‌ನಂಥ ಒಂದು ಸರ್ವರ್ ಮುಂದೆ ನಿಂತು ಕೇಳಿಕೆಗಳನ್ನು ಪಡೆದು ಹಿಂದಿನ ಪ್ರೋಗ್ರಾಮಿಗೆ ದಾಟಿಸುವುದು ರೂಢಿಯಾಗಿದ್ದು, ಇದಕ್ಕೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ಕುಳಿತಿದ್ದಾರೆ, ಒಳಗಿನ ದಾಖಲೆ ಕೋಣೆಯ ಬಾಗಿಲು ತೆರೆಯುತ್ತಿಲ್ಲ ಎಂಬಂಥ ಸ್ಥಿತಿ 502. ಒಳಗೆ ಹೋದ ಅರ್ಜಿ ಹೇಳಿದ ಹೊತ್ತಿಗೆ ಹೊರಬರಲಿಲ್ಲವೆಂಬ ಸ್ಥಿತಿ 504. ಎಂಜಿನ್‌ಎಕ್ಸ್ ಬೇರೆ ಸೂಚನೆಯಿಲ್ಲದಿದ್ದರೆ ಕಾಯುವುದು 60 ಸೆಕೆಂಡು. 502 ಬಂದಾಗ ಅದರ ಲಾಗನ್ನು ತೆರೆದರೆ, ಹಿಂದಿನ ಪ್ರೋಗ್ರಾಮು ಸಂಪರ್ಕವನ್ನು ನಿರಾಕರಿಸಿತು ಎಂಬ ಸಾಲು 111 ಎಂಬ ಲಿನಕ್ಸ್ ದೋಷಸಂಖ್ಯೆಯೊಂದಿಗೆ ಬಹಳ ಸಲ ಸಿಗುತ್ತದೆ. ಬ್ರೌಸರ್ ತನ್ನ ಬಾಯಿಂದ ಹೇಳುತ್ತಿದ್ದ ಅದೇ ನಿರಾಕರಣೆಯನ್ನು ಇಲ್ಲಿ ಪ್ರಾಕ್ಸಿ ಹೇಳುತ್ತಿದೆ, ಅಷ್ಟೇ. ಕಾರಣಗಳೂ ಅವೇ, ಎಂದರೆ ನಿಂತುಹೋದ ಪ್ರೋಗ್ರಾಮು ಅಥವಾ ತಪ್ಪಿದ ಪೋರ್ಟ್. 504ಕ್ಕೆ ಕಾಯುವ ಅವಧಿಯನ್ನು ಹಿಗ್ಗಿಸಿ ಸಮಾಧಾನಪಡುವುದಕ್ಕಿಂತ ಒಳಗೆ ತಡವಾಗುತ್ತಿರುವುದು ಯಾವ ಡೇಟಾಬೇಸ್ ಪ್ರಶ್ನೆಯಿಂದ ಎಂದು ನೋಡುವುದು ವಿವೇಕ. 503 ಇವುಗಳಿಗಿಂತ ಸೌಮ್ಯವಾದದ್ದು, ಸದ್ಯಕ್ಕೆ ಸೇವೆಯಿಲ್ಲ ಎನ್ನುವುದಷ್ಟೇ ಅದರ ತಾತ್ಪರ್ಯ.

ಇಲ್ಲಿಯವರೆಗಿನ ದೋಷಪುಟಗಳು ಒಂದಲ್ಲ ಒಂದು ರೀತಿಯಲ್ಲಿ ನಿಜ ಹೇಳುವಂಥವು. ಹೆಚ್ಚು ದಿನ ಕಾಡುವುದು, ದೋಷವಾಗಿದ್ದೂ 200 ಎಂದು ಹೇಳುವ ಪುಟ. ಪುಟ ಸಿಗಲಿಲ್ಲವೆಂದು ಅಂದವಾಗಿ ಬರೆದು, ಜೊತೆಯಲ್ಲಿ ಎಲ್ಲ ಸರಿಯಿದೆ ಎಂಬ ಸಂಖ್ಯೆಯನ್ನು ಕಳಿಸುವ ಇಂಥ ಉತ್ತರವನ್ನು ಹುಡುಕುತಾಣಗಳು ಸಾಫ್ಟ್ 404 ಎಂದು ಕರೆಯುತ್ತವೆ. 1991ರ ಒಪ್ಪಂದದಲ್ಲಿದ್ದ ಕೊರತೆ ಇಲ್ಲಿ ಹಿತ್ತಲ ಬಾಗಿಲಿನಿಂದ ಮರಳಿ ಬಂದಿದೆ ಎನ್ನಬಹುದು. ಅಪಾಚೆಯಲ್ಲಿ ಸ್ವಂತ 404 ಪುಟವನ್ನು ಸೂಚಿಸುವಾಗ ಓರೆಗೆರೆಯಿಂದ ತೊಡಗುವ ಸ್ಥಳೀಯ ಹಾದಿಯ ಬದಲು ಎಚ್‌ಟಿಟಿಪಿಯಿಂದ ತೊಡಗುವ ಪೂರ್ಣ ವಿಳಾಸ ಕೊಟ್ಟರೆ, ಸರ್ವರ್ ಬ್ರೌಸರನ್ನು ಆ ವಿಳಾಸಕ್ಕೆ ಕಳಿಸಿಬಿಡುತ್ತದೆ, ಮೂಲದ 404 ಎಂಬ ಸಂಖ್ಯೆ ಕೇಳಿದವರನ್ನು ತಲುಪುವುದೇ ಇಲ್ಲ.

ರಿಯಾಕ್ಟ್‌ನಂಥ ಉಪಕರಣಗಳಿಂದ ಕಟ್ಟುವ ಏಕಪುಟ ಅಪ್ಲಿಕೇಶನ್ನುಗಳಲ್ಲಿ ಈ ಗೊಂದಲ ಎರಡು ಹಂತಗಳಲ್ಲಿ ಬರುತ್ತದೆ. ಇಲ್ಲಿ ಸರ್ವರಿನಲ್ಲಿರುವುದು ಒಂದೇ ಎಚ್‌ಟಿಎಂಎಲ್ ಫೈಲು. ಒಳಗಿನ ವಿಳಾಸಗಳನ್ನೆಲ್ಲ ಬ್ರೌಸರಿನಲ್ಲಿರುವ ಜಾವಾಸ್ಕ್ರಿಪ್ಟ್ ನಿಭಾಯಿಸುತ್ತದೆ. ಆದ್ದರಿಂದ ಮುಖಪುಟದಿಂದ ಕ್ಲಿಕ್ಕಿಸುತ್ತ ಹೋದರೆ ಎಲ್ಲವೂ ಸರಿಯಿದ್ದು, ಒಳಪುಟವೊಂದರಲ್ಲಿ ನಿಂತು ರಿಫ್ರೆಶ್ ಮಾಡಿದ ಕೂಡಲೇ 404 ಬರುತ್ತದೆ, ಏಕೆಂದರೆ ಆಗ ವಿಳಾಸವನ್ನು ಕೇಳಿಸಿಕೊಳ್ಳುವುದು ಜಾವಾಸ್ಕ್ರಿಪ್ಟ್ ಅಲ್ಲ, ಅದರ ಅರಿವಿಲ್ಲದ ಸರ್ವರ್. ಯಾವ ಫೈಲು ಸಿಗದಿದ್ದರೂ ಆ ಒಂದೇ ಪುಟವನ್ನು ಕೊಡು ಎಂದು ಸರ್ವರಿಗೆ ಹೇಳುವುದು ಇದಕ್ಕೆ ಎಲ್ಲೆಡೆ ಸಿಗುವ ಪರಿಹಾರ. ಅದನ್ನು ಮಾಡಿದ ಮೇಲೆ 404 ತಾಣದಿಂದಲೇ ಮಾಯವಾಗುತ್ತದೆ, ಇಲ್ಲದ ಸ್ಕ್ರಿಪ್ಟ್ ಫೈಲನ್ನು ಕೇಳಿದರೂ 200ರೊಂದಿಗೆ ಎಚ್‌ಟಿಎಂಎಲ್ ಪುಟ ಬರುತ್ತದೆ. ಬ್ರೌಸರ್ ಅದನ್ನು ಜಾವಾಸ್ಕ್ರಿಪ್ಟ್ ಎಂದು ಓದಲು ಹೋಗಿ, ಎಚ್‌ಟಿಎಂಎಲ್ ತೊಡಗುವ ಕೋನಾವರಣದ ಚಿಹ್ನೆಯಲ್ಲೇ ಎಡವಿ, ಅನಿರೀಕ್ಷಿತ ಚಿಹ್ನೆ ಎಂಬ ದೋಷವನ್ನು ಡೆವಲಪರ್ ಉಪಕರಣಗಳ ಕನ್ಸೋಲ್ ವಿಭಾಗದಲ್ಲಿ ಬರೆಯುತ್ತದೆ. ಇದನ್ನು ಕಂಡವರು ತಮ್ಮ ಸ್ಕ್ರಿಪ್ಟಿನಲ್ಲಿ ಆ ಚಿಹ್ನೆಯನ್ನು ಹುಡುಕುತ್ತ ಹೋದರೆ ಅದು ಸಿಗುವುದಿಲ್ಲ. ನೆಟ್‌ವರ್ಕ್ ವಿಭಾಗದಲ್ಲಿ ಆ ಸಾಲನ್ನು ಒತ್ತಿ, ಸಂಖ್ಯೆಯನ್ನು ನಂಬದೆ, ನಿಜವಾಗಿ ಬಂದ ಉತ್ತರವನ್ನು ಓದಿದರೆ ಒಂದೇ ನೋಟಕ್ಕೆ ತಿಳಿಯುತ್ತದೆ.

ತಿದ್ದಿದ ಮೇಲೂ ಹಳೆಯ ದೋಷವೇ ಕಾಣುತ್ತಿದ್ದರೆ ಅನುಮಾನ ಕ್ಯಾಶ್‌ನ ಮೇಲೆ, ಎಂದರೆ ಬ್ರೌಸರ್ ಹಿಂದಿನ ಉತ್ತರವನ್ನು ಉಳಿಸಿಟ್ಟುಕೊಳ್ಳುವ ಸಂಗ್ರಹದ ಮೇಲೆ ಹೋಗಬೇಕು. ಕಂಟ್ರೋಲ್, ಶಿಫ್ಟ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದನ್ನು ಬದಿಗಿಟ್ಟು ಹೊಸದಾಗಿ ಕೇಳಿಕೆ ಹೋಗುತ್ತದೆ. ಶಾಶ್ವತ ವರ್ಗಾವಣೆ ಎಂಬರ್ಥದ 301 ಇಲ್ಲಿ ವಿಶೇಷವಾಗಿ ಅಪಾಯಕಾರಿ, ಏಕೆಂದರೆ ಶಾಶ್ವತ ಎಂಬ ಮಾತನ್ನು ಬ್ರೌಸರ್ ನಂಬಿ ನೆನಪಿಟ್ಟುಕೊಳ್ಳುತ್ತದೆ. ಪ್ರಯೋಗದ ಹಂತದಲ್ಲಿ ತಾತ್ಕಾಲಿಕವಾದ 302 ಬಳಸುವುದು ಕ್ಷೇಮ. ಎರಡು ವರ್ಗಾವಣೆಗಳು ಒಂದನ್ನೊಂದು ತೋರಿಸುತ್ತಿದ್ದರೆ ಕ್ರೋಮ್ 20 ಸಲ ಸುತ್ತಿ ಸೋಲೊಪ್ಪಿಕೊಂಡು ತನ್ನದೇ ದೋಷಪುಟ ಕೊಡುತ್ತದೆ.

ಕೊನೆಗೆ ಕಲಿಯುವವರು ತಾವೇ ಒಂದು 404 ಪುಟವನ್ನು ಬರೆಯುವ ಘಟ್ಟ ಬರುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಕೆಯಲ್ಲಿದ್ದ ಕಾಲದಲ್ಲಿ ಸುಮಾರು 512 ಬೈಟುಗಳಿಗಿಂತ ಚಿಕ್ಕದಾದ 404 ಪುಟವನ್ನು ಅದು ತೋರಿಸದೆ ತನ್ನ ಪುಟವನ್ನೇ ತೋರಿಸುತ್ತಿದ್ದು, ಅನುಭವಿಗಳು ತಮ್ಮ ಪುಟಕ್ಕೆ ಅರ್ಥವಿಲ್ಲದ ಸಾಲುಗಳನ್ನು ತುಂಬಿ ಗಾತ್ರ ಹಿಗ್ಗಿಸುತ್ತಿದ್ದರು. ಆ ಕಷ್ಟ ಈಗಿಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಬೇರಿನ ಫೋಲ್ಡರಿನಲ್ಲಿ 404 ಎಂಬ ಹೆಸರಿನ ಎಚ್‌ಟಿಎಂಎಲ್ ಫೈಲಿಟ್ಟರೆ ಸಾಕು. ಆದರೆ ಈ ಪುಟ ಯಾವ ಆಳದ ವಿಳಾಸದಲ್ಲಿ ಬೇಕಾದರೂ ಕಾಣಿಸಿಕೊಳ್ಳುವುದರಿಂದ, ಅದರೊಳಗಿನ ಶೈಲಿ ಮತ್ತು ಚಿತ್ರಗಳ ಹಾದಿಗಳನ್ನು ಸದ್ಯದ ಜಾಗದಿಂದ ಎಣಿಸುವಂತೆ ಬರೆದರೆ, ಮೇಲ್ಮಟ್ಟದ ತಪ್ಪು ವಿಳಾಸಕ್ಕೆ ಅಂದವಾಗಿ ಬರುವ ಪುಟ ಎರಡು ಫೋಲ್ಡರ್ ಒಳಗಿನ ತಪ್ಪು ವಿಳಾಸಕ್ಕೆ ಬಣ್ಣವಿಲ್ಲದೆ ಬರುತ್ತದೆ; ಬೇರಿನಿಂದ ಎಣಿಸುವ ಹಾದಿಗಳನ್ನೇ, ಪ್ರಾಜೆಕ್ಟಿನ ಉಪಹಾದಿಯಿದ್ದರೆ ಅದನ್ನೂ ಸೇರಿಸಿ, ಬಳಸಬೇಕು. ಬರೆದು ಮುಗಿಸಿದ ಮೇಲೆ, ಇಲ್ಲವೆಂದು ಖಚಿತವಾಗಿ ಗೊತ್ತಿರುವ ಮೂರು ಓರೆಗೆರೆಗಳ ಉದ್ದದ ವಿಳಾಸವೊಂದನ್ನು ಟೈಪಿಸಿ, ನೆಟ್‌ವರ್ಕ್ ವಿಭಾಗದ ಮೊದಲ ಸಾಲಿನಲ್ಲಿ 404 ಎಂದೂ ಉಳಿದ ಸಾಲುಗಳಲ್ಲಿ 200 ಎಂದೂ ಇದೆಯೇ ಎಂದು ನೋಡಿಕೊಳ್ಳಬೇಕು.